ಗುಣವಾದವರ ಅನರ್ಹತೆ

ಜಠರದ ಕ್ಯಾನ್ಸರು ಕೊನೆಯ ಹಂತ ಮುಟ್ಟಿದ ರೋಗಿಯು ಗುಣವಾಗಕೂಡದು ಎಂದು ದೊಡ್ಡಾಸ್ಪತ್ರೆಯ ಔಷಧ ಪ್ರಯೋಗ ವಿಭಾಗದ ನಿಯಮಾವಳಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಗುಣವಾದರೆ ಮುಂದೇನು ಎಂದೂ ಬರೆದಿರಲಿಲ್ಲ. ಸದರಿ ಲೋಪವು ವಿಭಾಗದ ಗಮನಕ್ಕೆ ಬಂದದ್ದು ದರ್ಜಿಯೊಬ್ಬ ಗುಣವಾದ ಮೇಲೆ.

ದರ್ಜಿ ಎಂದರೆ ಹೊಸ ಬಟ್ಟೆ ಹೊಲಿಯುವವನಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಮಿಷನ್ನು ಹಾಕಿಕೊಂಡು, ಜನರ ಪ್ಯಾಂಟು ಸಡಿಲವಾದರೆ ಹಿಡಿದು, ಬಿಗಿಯಾದರೆ ಬಿಟ್ಟು ಕೊಡುವವನು. ಕಾಯಿಲೆ ಬಂದ ಮೇಲೆ ಅವನ ಮುಖ್ಯ ಗಿರಾಕಿ ಅವನೇ ಆಗಿಬಿಟ್ಟಿದ್ದ. ತನ್ನ ಪ್ಯಾಂಟಿನ ಸೊಂಟವನ್ನು ಹಿಡಿದೂ ಹಿಡಿದೂ ಎರಡು ಹಿಂಜೇಬುಗಳು ಒಂದಕ್ಕೊಂದು ತಾಗಿದ ದಿನ ಹೆಂಡತಿ ಅವನ ಕೈ ಹಿಡಿದು ಎಳೆದುಕೊಂಡು ಬಂದು ಪ್ರಯೋಗಕ್ಕೆ ಸೇರಿಸಿದಳು.

ಪ್ರಯೋಗದ ರೀತಿ ಸರಳ. ಸೇರಿದವರಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ ಸಕ್ಕರೆ ಮಾತ್ರೆ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು. ಗೊತ್ತಿಲ್ಲದಿರುವುದನ್ನು ಆ ವಿಭಾಗದಲ್ಲಿ ಶಿಸ್ತು ಎಂದು ಕರೆಯುತ್ತಿದ್ದರು. ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದರಿಂದ ಹಿಡಿದು ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದರವರೆಗೆ ಆ ಶಿಸ್ತಿನ ಪಾಲನೆ ಚೆನ್ನಾಗಿಯೇ ಆಗುತ್ತಿತ್ತು. ಒಂದು ಭರವಸೆಯನ್ನು ಮಾತ್ರ ಎಲ್ಲರಿಗೂ ಕೊಟ್ಟಿದ್ದರು: ಮದ್ದು ನಾಟುತ್ತದೆ ಎಂದು ಸಾಬೀತಾದ ಮರುದಿನವೇ ಸಕ್ಕರೆ ತಿಂದವರಿಗೂ ನಿಜವಾದ ಮಾತ್ರೆ ಸಿಗುತ್ತದೆ.

ದರ್ಜಿಯ ಪಕ್ಕದ ಕುರ್ಚಿ ಒಬ್ಬ ನಿವೃತ್ತ ಅಂಚೆಯವನದು. ಅವನನ್ನು ಎಲ್ಲರೂ ಪೋಸ್ಟಣ್ಣ ಅನ್ನುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ, ಬಾಯಿ ಮಾತ್ರ ಒಂದು ಸಂಸಾರಕ್ಕೆ ಆಗುವಷ್ಟು. ಇಬ್ಬರೂ ಒಂದೇ ದಿನ ಸೇರಿದವರು, ಒಂದೇ ಹೂಜಿಯ ನೀರು ಕುಡಿದು ಮಾತ್ರೆ ನುಂಗಿದವರು. ಬರಬರುತ್ತಾ ದರ್ಜಿ ತನ್ನ ಪ್ಯಾಂಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಸಡಿಲ ಮಾಡತೊಡಗಿದ. ಪೋಸ್ಟಣ್ಣ ತನ್ನ ಪ್ಯಾಂಟಿನ ಸೊಂಟ ಹಿಡಿಸಲು ಅದನ್ನು ದರ್ಜಿಯ ಕೈಗೇ ಕೊಡತೊಡಗಿದ. ಯಾರ ಪಾಲಿಗೆ ಯಾವ ಮಾತ್ರೆ ಬಂದಿದೆ ಎಂದು ಇಬ್ಬರಿಗೂ ಅರ್ಥವಾಯಿತು.

“ಸಕ್ಕರೆ ನಂದು ಕಣಯ್ಯ,” ಎಂದ ಪೋಸ್ಟಣ್ಣ ಒಂದು ದಿನ. “ನಿಂದು ಸಾಬೀತಾಗೋವರೆಗೂ ಹೇಗಾದ್ರೂ ಮಾಡಿ ಉಸಿರು ಹಿಡ್ಕೊಂಡಿರ್ತೀನಿ. ಸ್ವಲ್ಪ ಬೇಗ ಗುಣ ಆಗು.”

ಅಂದಿನಿಂದ ಗುಣವಾಗುವುದು ತನ್ನೊಬ್ಬನ ಖಾಸಗಿ ವಿಷಯವಲ್ಲ ಎಂದು ದರ್ಜಿಗೆ ಅನ್ನಿಸಿತು. ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ನುಂಗಿದ. ಹಸಿವಿಲ್ಲದಿದ್ದರೂ ಉಂಡ. ಕೊನೆಗೆ ಹೊಟ್ಟೆಯ ಸ್ಕ್ಯಾನು ಬಂದಾಗ ಡಾಕ್ಟರು ಅದನ್ನು ದೀಪಕ್ಕೆ ಹಿಡಿದರು, ತಿರುಗಿಸಿ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು. ಗೆಡ್ಡೆ ಇದ್ದ ಜಾಗದಲ್ಲಿ ಬರೀ ಹೊಟ್ಟೆ ಇತ್ತು. ಡಾಕ್ಟರು ದರ್ಜಿಯ ಬೆನ್ನು ತಟ್ಟಿದರು, ಆಮೇಲೆ ಅದು ನಿಯಮದಲ್ಲಿ ಇದೆಯೋ ಇಲ್ಲವೋ ಎಂದು ಗಾಬರಿಯಾಗಿ ಮಾತ್ರೆ ಕಂಪನಿಯ ನಿಗಾ ಅಧಿಕಾರಿಗೆ ಫೋನು ಮಾಡಿದರು.

ಅಧಿಕಾರಿ ಬಂದ. ಅಚ್ಚುಕಟ್ಟಾದ ಮನುಷ್ಯ, ಶೂಸಿನ ಲಾಡಿಯನ್ನೂ ಇಸ್ತ್ರಿ ಮಾಡಿಸಿಕೊಂಡವನ ಹಾಗೆ ಕಾಣುತ್ತಿದ್ದ. ಸ್ಕ್ಯಾನು ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಇವರಿಗೆ ಕಾಯಿಲೆ ಇಲ್ಲ. ಹಾಗಿದ್ದ ಮೇಲೆ ಇವರು ಕಾಯಿಲೆಯವರ ಪ್ರಯೋಗದಲ್ಲಿ ಯಾಕಿದ್ದಾರೆ?”

ಸೇರುವಾಗ ಇತ್ತು ಎಂದರು ಡಾಕ್ಟರು. ಅಧಿಕಾರಿ ಒಪ್ಪಲಿಲ್ಲ. ಈ ಕಾಯಿಲೆ ಈ ಹಂತಕ್ಕೆ ಬಂದ ಮೇಲೆ ವಾಸಿಯಾಗುವುದಿಲ್ಲ ಎಂದು ವೈದ್ಯಕೀಯ ಪಠ್ಯದಲ್ಲಿದೆ, ಇವರಿಗೆ ವಾಸಿಯಾಗಿದೆ, ಆದಕಾರಣ ಇವರಿಗೆ ಇದ್ದದ್ದು ಆ ಕಾಯಿಲೆ ಅಲ್ಲ. ಆ ಪಠ್ಯವನ್ನು ಬರೆದವರು ಇದೇ ಡಾಕ್ಟರು ಆಗಿದ್ದರಿಂದ ಅವರು ಮುಂದೆ ಮಾತಾಡುವ ಹಾಗಿರಲಿಲ್ಲ. ಸಂಜೆಯ ಒಳಗೆ ನೋಟೀಸು ಬೋರ್ಡಿನಲ್ಲಿ ಪ್ರಕಟಣೆ ಬಿತ್ತು:

“ಪ್ರಯೋಗದಲ್ಲಿ ಪಾಲ್ಗೊಂಡ ಕೆಲವರು ಗುಣಮುಖರಾಗಿರುವುದು ಕಂಡುಬಂದಿದೆ. ಇಂಥವರು ಮೊದಲಿನಿಂದಲೂ ಅನರ್ಹರೆಂದು ಪರಿಗಣಿಸಿ ಅವರನ್ನು ಲೆಕ್ಕದಿಂದ ಕೈಬಿಡಲಾಗಿದೆ. ಉಳಿದ ರೋಗಿಗಳು ಇದರಿಂದ ಎದೆಗುಂದದೆ ರೋಗಿಗಳಾಗಿಯೇ ಮುಂದುವರಿಯಬೇಕಾಗಿ ವಿನಂತಿ.”

ದರ್ಜಿ ಪ್ರಕಟಣೆಯನ್ನು ಎರಡೆರಡು ಸಲ ಓದಿದ. ತಾನು ಲೆಕ್ಕದಲ್ಲಿಲ್ಲ ಅಂದರೆ ಮದ್ದು ನಾಟಿದ್ದೂ ಲೆಕ್ಕದಲ್ಲಿಲ್ಲ. ಅದು ಸಾಬೀತಾಗದಿದ್ದರೆ ಪೋಸ್ಟಣ್ಣನಿಗೆ ಮಾತ್ರೆ ಇಲ್ಲ. ತನಗೆ ಕಾಯಿಲೆ ಇರಲೇ ಇಲ್ಲ ಎಂದು ಸಹಿ ಹಾಕಿ ಮನೆಗೆ ಹೋಗಬಹುದು ಎಂದು ಕಾಗದ ಮುಂದಿಟ್ಟಾಗ ಅವನು ಪೆನ್ನು ಮುಟ್ಟದೆ, ಅರ್ಹತಾ ಸಮಿತಿಗೆ ಮೇಲ್ಮನವಿ ಸಲ್ಲಿಸಿದ.

ಸಮಿತಿಯವರು ಒಳ್ಳೆಯ ಜನ, ಅವನನ್ನು ಕೂರಿಸಿಯೇ ಮಾತಾಡಿಸಿದರು. ಅವನು ಗೆಡ್ಡೆ ಇದ್ದ ಹಳೆಯ ಸ್ಕ್ಯಾನು ತೋರಿಸಿದ. ಸ್ಕ್ಯಾನು ಸರಿಯಾಗಿಯೇ ಇದೆ, ಹೊಟ್ಟೆಯೇ ಅದಕ್ಕೆ ಹೊಂದುತ್ತಿಲ್ಲ ಎಂದು ಅಭಿಪ್ರಾಯಪಟ್ಟರು. ಹೆಂಡತಿ ಎದ್ದು, ತಿಂಗಳುಗಟ್ಟಲೆ ಇವರು ಒಂದು ತುತ್ತಿಗೆ ಒದ್ದಾಡಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ ಎಂದಳು. ತಾವು ಜಠರವನ್ನು ಒಳಗಿನಿಂದ ಕಂಡಿದ್ದೀರಾ ಎಂದು ಅವಳನ್ನು ಕೇಳಿದರು. ಕೊನೆಗೆ ಅಧ್ಯಕ್ಷರು ಕನಿಕರದಿಂದ ಮುಂದೆ ಬಾಗಿದರು.

“ನೋಡಿ, ನಮಗೂ ಮನಸ್ಸಿದೆ. ನಿಮಗೆ ಇನ್ನೊಂದು ಸಲ ಕಾಯಿಲೆ ಬಂದ್ರೆ ತಕ್ಷಣ ಅರ್ಜಿ ಹಾಕಿ. ಹಳಬರು ಅಂತ ಮೊದಲು ತಗೋತೀವಿ.”

ದರ್ಜಿ ಈ ಸಲಹೆಯನ್ನು ದಾರಿಯುದ್ದಕ್ಕೂ ಯೋಚಿಸಿದ್ದು ಸುಳ್ಳಲ್ಲ. ಅವನ ಮುಖ ನೋಡಿಯೇ ಹೆಂಡತಿಗೆ ವಿಷಯ ಗೊತ್ತಾಯಿತು. ಬಸ್‌ಸ್ಟಾಪಿನಲ್ಲಿ ನಾಲ್ಕು ಜನರ ಎದುರಿಗೇ ಅವನ ತೋಳು ಚಿವುಟಿದಳು.

ಅಷ್ಟರಲ್ಲಿ ಫಲಿತಾಂಶ ಬಂತು. ಗುಣವಾದವರನ್ನೆಲ್ಲ ಕೈಬಿಟ್ಟು ಉಳಿದವರನ್ನು ಎಣಿಸಿ ನೋಡಿದರೆ ಅವರಲ್ಲಿ ಒಬ್ಬರಿಗೂ ಗುಣವಾಗಿರಲಿಲ್ಲ. ಮದ್ದು ರೋಗಿಗಳ ಮೇಲೆ ಎಳ್ಳಷ್ಟೂ ಕೆಲಸ ಮಾಡುವುದಿಲ್ಲ ಎಂದು ವಿಜ್ಞಾನಬದ್ಧವಾಗಿ ಸಾಬೀತಾಯಿತು. ಕಂಪನಿಯವರು ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿತ್ತು. ಆದರೆ ನಿಗಾ ಅಧಿಕಾರಿ ಒಂದು ಅಂಶ ಗಮನಿಸಿದ್ದ. ಅನರ್ಹರೆಂದು ಹೊರಹಾಕಿದವರೆಲ್ಲ ಮಾತ್ರೆ ತಿಂದು ಕೆಂಪುಕೆಂಪಗೆ ಕಳೆಕಳೆಯಾಗಿದ್ದರು. ದಾಖಲೆಯ ಪ್ರಕಾರ ಅವರು ಎಂದೂ ಕಾಯಿಲೆ ಬೀಳದ ಆರೋಗ್ಯವಂತರು. ಅಂದ ಮೇಲೆ ಈ ಮಾತ್ರೆ ಆರೋಗ್ಯವಂತರಿಗೆ ಅಮೃತ. ಕಾಯಿಲೆಯವರಾದರೋ ನಾಲ್ಕು ಜನ, ಅವರೂ ಬಹಳ ದಿನ ಗಿರಾಕಿಗಳಾಗಿ ಉಳಿಯುವವರಲ್ಲ. ಆರೋಗ್ಯವಂತರು ಊರ ತುಂಬ ಇದ್ದಾರೆ, ಹೆದರಿಸಿದರೆ ಸಾಯುವವರೆಗೂ ಕೊಳ್ಳುತ್ತಾರೆ. ಕಂಪನಿ ಅವನಿಗೆ ಬಡ್ತಿ ಕೊಟ್ಟು ಆಸ್ಪತ್ರೆಯ ಅಂಗಳದಲ್ಲೇ ಮಳಿಗೆ ತೆರೆಯಿತು. ಬಾಗಿಲ ಮೇಲೆ ನಿಯಮ ತೂಗುಹಾಕಿದರು: “ಆರೋಗ್ಯವಂತರಿಗೆ ಮಾತ್ರ. ರೋಗಿಗಳಿಗೆ ಇದು ನಿಷ್ಪ್ರಯೋಜಕವೆಂದು ಸಾಬೀತಾಗಿರುವುದರಿಂದ ಅವರು ವೃಥಾ ಸಾಲಿನಲ್ಲಿ ನಿಂತು ದಣಿಯಬಾರದು.”

ಪೋಸ್ಟಣ್ಣ ಈಗ ಕುರ್ಚಿ ಬಿಟ್ಟು ಮಂಚ ಹಿಡಿದಿದ್ದ. ದರ್ಜಿ ಹೋಗಿ ಸುದ್ದಿ ಹೇಳಿದ. ಹೇಳುವಾಗ ಅವನ ಮುಖ ನೋಡಲಾಗದೆ ಹೊದಿಕೆಯ ಅಂಚಿನ ಹೊಲಿಗೆ ನೋಡುತ್ತಾ ಹೇಳಿದ. ಸಾಬೀತು ಮಾಡಲಾಗಲಿಲ್ಲ ಎನ್ನುವಷ್ಟರಲ್ಲಿ ಅವನಿಗೆ ಅಳು ಬಂತು. ಪೋಸ್ಟಣ್ಣ, ಹೋಗಲಿ ಬಿಡು, ನೀನಾದರೂ ಉಳಿದೆಯಲ್ಲ ಎಂದು ಅವನ ಕೈ ಸವರಿದ. ಅದರಿಂದ ಅಳು ಇನ್ನೂ ಜಾಸ್ತಿಯಾಯಿತು.

ಮಂಚದ ಆ ಕಡೆ ನಿಂತಿದ್ದ ದರ್ಜಿಯ ಹೆಂಡತಿ ಇಬ್ಬರನ್ನೂ ಒಂದು ಗಳಿಗೆ ನೋಡಿದಳು.

“ಯಾಕೆ ಅಳ್ತೀರಿ? ಇವರಿಗೆ ಕಾಯಿಲೆ ಇರಲೇ ಇಲ್ಲ ಅಂತ ಅವರೇ ಒಂದು ಕಾಗದದಲ್ಲಿ ಮಾಡಿಬಿಟ್ರಲ್ಲ. ಅಣ್ಣನಿಗೂ ಇರಲಿಲ್ಲ ಅಂತ ಮಾಡಲಿ.”

ವಿಚಾರಿಸಿದರೆ ಅದಕ್ಕೂ ನಿಯಮವಿತ್ತು. ಆರೋಗ್ಯ ಪ್ರಮಾಣಪತ್ರಕ್ಕೆ ಡಾಕ್ಟರ ತಪಾಸಣೆ ಬೇಕು, ಜೊತೆಗೆ ಒಬ್ಬ ಆರೋಗ್ಯವಂತನ ಜಾಮೀನು ಬೇಕು. ಜಾಮೀನು ನಿಲ್ಲುವವನು ತನಗೆ ಎಂದೂ ಕಾಯಿಲೆ ಇರಲಿಲ್ಲವೆಂದು ಮೊದಲು ಬರೆದುಕೊಡಬೇಕು. ದರ್ಜಿ ಇಷ್ಟು ದಿನ ಮುಟ್ಟದೆ ಇಟ್ಟಿದ್ದ ಕಾಗದ ಅದೇ ಆಗಿತ್ತು. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನರಳಿದ್ದು, ಮಕ್ಕಳಿಗೆ ಕಾಣಬಾರದೆಂದು ಬಚ್ಚಲಿನಲ್ಲಿ ಕೂತಿದ್ದು, ಹೆಂಡತಿ ಬಾಗಿಲಾಚೆ ನಿಂತಿರುತ್ತಿದ್ದುದು, ಎಲ್ಲವೂ ನಡೆದೇ ಇಲ್ಲ ಎಂದು ಸಹಿ ಹಾಕಬೇಕು. ಅವನು ಹೆಂಡತಿಯ ಮುಖ ನೋಡಿದ. ಅವಳು ಪೆನ್ನಿನ ಮುಚ್ಚಳ ತೆಗೆದುಕೊಟ್ಟಳು. ಅವನು ಸಹಿ ಹಾಕಿದ.

ಡಾಕ್ಟರು ಪೋಸ್ಟಣ್ಣನನ್ನು ತಪಾಸಣೆ ಮಾಡಿದರು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಗೆಡ್ಡೆ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಆಮೇಲೆ “ಸ್ನಾಯುಗಳು ಬಲವಾಗಿವೆ” ಎಂದು ಬರೆದು, ಯಾರ ಕಡೆಗೂ ನೋಡದೆ ಕೈ ತೊಳೆಯಲು ಹೋದರು.

ಈ ಸುದ್ದಿ ವಾರ್ಡಿನಲ್ಲಿ ಒಂದು ಮಂಚದಿಂದ ಇನ್ನೊಂದಕ್ಕೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಆರೋಗ್ಯವಂತರೆಂದು ಪ್ರಮಾಣಪತ್ರ ಪಡೆದರು. ಜಾಮೀನು ನಿಂತೂ ನಿಂತೂ ದರ್ಜಿಗೆ ಬೆರಳು ನೋವು ಬಂತು. ಜಠರದ ಕ್ಯಾನ್ಸರು ಊರಿನಲ್ಲಿ ಸಂಪೂರ್ಣ ನಿರ್ಮೂಲನೆಯಾಗಿದೆ ಎಂದು ಆಸ್ಪತ್ರೆ ಘೋಷಿಸಿತು. ಡಾಕ್ಟರಿಗೆ ಶಾಲು ಹೊದಿಸಿದರು, ಅರ್ಹತಾ ಸಮಿತಿಯ ಅಧ್ಯಕ್ಷರಿಗೆ ಅದಕ್ಕಿಂತ ದೊಡ್ಡ ಶಾಲು ಹೊದಿಸಿದರು. ಕಂಪನಿಗೂ ಯಾವ ತಕರಾರೂ ಇರಲಿಲ್ಲ, ಬೆಲೆ ಎಲ್ಲರಿಗೂ ಒಂದೇ.

ಮಳಿಗೆಯ ಮುಂದೆ ಸಾಲು ಬೆಳೆಯಿತು. ಆರೋಗ್ಯವಂತರಲ್ಲಿ ಕೆಲವರು ಗೋಡೆ ಹಿಡಿದು ಬಂದರು, ಕೆಲವರು ಗಾಲಿಕುರ್ಚಿಯಲ್ಲಿ ಬಂದರು, ಕೈಗೆ ಗ್ಲೂಕೋಸಿನ ನಳಿಗೆ ಇದ್ದವರ ಬಾಟಲಿಯನ್ನು ಹಿಂದಿನವರು ಎತ್ತಿ ಹಿಡಿದುಕೊಂಡರು. ಪೋಸ್ಟಣ್ಣನ ಸ್ಟ್ರೆಚರಿನ ತಲೆಯ ಕಡೆ ದರ್ಜಿ, ಕಾಲಿನ ಕಡೆ ಅವನ ಹೆಂಡತಿ. ಕಿಟಕಿಯ ಗುಮಾಸ್ತ ನಿಯಮದಂತೆ, ಪ್ರಮಾಣಪತ್ರ ನೋಡಿದ ಮೇಲೂ ಬಾಯಿಮಾತಿನಲ್ಲಿ ಒಮ್ಮೆ ಕೇಳಲೇಬೇಕಾಗಿತ್ತು. ಆರೋಗ್ಯ ಹೇಗಿದೆ ಎಂದು ಕೇಳಿದ.

ಪೋಸ್ಟಣ್ಣನ ಕಣ್ಣು ಅರ್ಧ ತೆರೆಯಿತು. ದರ್ಜಿ ಅವನ ತಲೆಯ ಕೆಳಗೆ ಕೈಯಿಟ್ಟು ಎತ್ತಿ ಹಿಡಿದ. ಉಸಿರು ಕೂಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಗುಮಾಸ್ತ ತಾಳ್ಮೆಯಿಂದ ಕಾದ, ಹಿಂದಿನ ಸಾಲೂ ಸದ್ದಿಲ್ಲದೆ ಕಾಯಿತು.

“ನನಗೇನಾಗಿದೆ?” ಎಂದ ಪೋಸ್ಟಣ್ಣ. “ಗುಂಡುಕಲ್ಲಿನ ಹಾಗಿದೀನಿ.”

ಗುಮಾಸ್ತ ತೃಪ್ತಿಯಿಂದ ಮೊಹರು ಒತ್ತಿದ. ಮಾತ್ರೆಯನ್ನು ತಾನೇ ಅವನ ನಾಲಿಗೆಯ ಮೇಲಿಟ್ಟು, ಚಮಚದಲ್ಲಿ ನೀರು ಬಿಟ್ಟು, ಅದು ಗಂಟಲಿನಲ್ಲಿ ಇಳಿಯುವುದನ್ನು ನೋಡಿ ಖಾತರಿ ಮಾಡಿಕೊಂಡ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದಿನ ಆರೋಗ್ಯವಂತರನ್ನು ಹೊತ್ತು ತನ್ನಿ ಎಂದು ಕೂಗಿದ.