ಉಡಿದಾರದ ಅಡಿಯ ಹುಣ್ಣು

ರೋಗ ಬಂದ ಮನುಷ್ಯ ಡಾಕ್ಟರ ಮಾತು ಕೇಳುತ್ತಾನೆಂದು ನಂಬಿದವರು ಗದಗಿನಲ್ಲಿ ದವಾಖಾನೆಯ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ಕೊನೆಗೆ, ಇಲ್ಲಿನ ಒಬ್ಬ ಸರ್ಜನ್ನರಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಇಂಥ ಪ್ರಸಂಗಗಳು ವಾರಕ್ಕೊಂದು ನಡೆಯುತ್ತಿದ್ದವು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಮಾತ್ರ ಒಬ್ಬರೇ ನಾಲ್ಕು ನಡೆಸಿಕೊಟ್ಟರು.

೧. ಹಚ್ಚಿದ್ದು

ವ್ಯಾಪಾರಿಗೆ ಅರವತ್ತು ದಾಟಿತ್ತು. ಬಲ ಟೊಂಕದ ಮೇಲೆ, ಧೋತರ ಬಿಗಿಯುವ ಜಾಗದಲ್ಲಿ, ಹೂಕೋಸಿನ ತುಂಡಿನಂತೆ ಎದ್ದ ಹುಣ್ಣು. ಮೂರು ವರ್ಷದಿಂದ ಇತ್ತು.

“ಏನೇನು ಹಚ್ಚೀರಿ, ಯಜಮಾನ್ರ?” ಎಂದರು ಡಾಕ್ಟರು.

“ಅರಿಷಿಣ ಹಚ್ಚೇನ್ರಿ. ಸುಣ್ಣ ಹಚ್ಚೇನಿ. ಬೇವಿನೆಣ್ಣಿ. ಶಿರಹಟ್ಟಿಯವರೊಬ್ಬರು ಬೀಡಿ ಬೂದಿ ಅಂದ್ರು, ಅದನ್ನೂ ಹಚ್ಚೇನಿ. ಮುಂಡರಗಿ ಬೀಗರು ಬ್ಯಾಟರಿ ಸೆಲ್ಲಿನ ಮಸಿ ಅಂದ್ರು.”

“ಔಷಧ?”

“ಅದಕ್ಕ ಹೊತ್ತೆಲ್ಲಿತ್ತರಿ? ಇವನ್ನ ಹಚ್ಚೂದ್ರಾಗ ಮೂರು ವರ್ಷ ಹೋತು.”

೨. ಸ್ಯಾಂಪಲ್

ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಬೇಕಿತ್ತು. ಜೋಮು ಹಿಡಿಸುವ ಸೂಜಿ ಚುಚ್ಚಿ, ಡಾಕ್ಟರು ಮೇಲಿನಿಂದ ಒಂದು ಚೂರು ಕತ್ತರಿಸಿ ತಟ್ಟೆಗೆ ಹಾಕಿದರು. ವ್ಯಾಪಾರಿ ತಲೆ ಎತ್ತಿ ನೋಡಿದರು.

“ಇಷ್ಟ ಏನ್ರಿ? ಚೀಲದ ಬಾಯಾಗಿನ ಕಾಳು ನೋಡಿ ಇಡೀ ಚೀಲಕ್ಕ ದರ ಹೇಳತೀರಿ? ನಾವು ಮ್ಯಾಲ, ನಡು, ತಳ, ಮೂರೂ ಕಡೆ ಚುಚ್ಚಿ ನೋಡತೇವಿ.”

ಡಾಕ್ಟರು ಮತ್ತೆ ಬ್ಲೇಡು ಎತ್ತಿಕೊಂಡರು. ಅಂಚಿನಿಂದ ಒಂದು, ಆಳದಿಂದ ಒಂದು ತೆಗೆದರು. ಬಾಟಲಿ ನನ್ನ ಕೈಗೆ ಕೊಡುವಾಗ ಮೆಲ್ಲಗೆ ಹೇಳಿದರು: “ಅವರಂದದ್ದು ಖರೆ ಐತಿ. ಯಾರಿಗೂ ಹೇಳಬ್ಯಾಡ.”

೩. ಪ್ಯಾಂಟು

ಹುಬ್ಬಳ್ಳಿಯಿಂದ ಚರ್ಮದ ಕ್ಯಾನ್ಸರ್ ಎಂದು ಬರೆದು ಬಂತು. ಅದರಲ್ಲಿ ಅಪರೂಪದ್ದೇನಲ್ಲ, ಮಾಮೂಲಿ ಬಗೆ.

“ಕ್ಯಾನ್ಸರ್ ಆದ್ರ ರಕ್ತ ಕೆಮ್ಮಬೇಕಲ್ಲರಿ? ಸಿನಿಮಾದಾಗ ಹಂಗ ತೋರಸ್ತಾರ.”

“ಇದು ಚರ್ಮದ್ದರಿ. ನಲವತ್ತು ವರ್ಷ ಧೋತರ ಒಂದ ಜಾಗಾ ಬಿಗದು, ತಿಕ್ಕಿ, ಗಾಯ ಆಗಿ ಬಂದದ್ದು. ತೊಡಿಸಂದ್ಯಾಗ ಇನ್ನ ಗಡ್ಡಿ ಎದ್ದಿಲ್ಲ, ಅಂದ್ರ ರೋಗ ಹಬ್ಬಿಲ್ಲ. ಸುತ್ತಲಿನ ಒಂದೀಟು ಚೊಲೋ ಚರ್ಮ ಸೇರಿಸಿ ಕತ್ತರಿಸಿದ್ರ ಬದಕತೀರಿ. ಬಿಟ್ರ ಒಳಗ ಇಳೀತೈತಿ. ಆಮ್ಯಾಲ ಧೋತರ ಬಿಟ್ಟು ಸಡ್ಲ ಪ್ಯಾಂಟ್ ಹಾಕ್ಕೋರಿ.”

ಕ್ಯಾನ್ಸರಿಗೆ ಅಲುಗದಿದ್ದ ಮುಖ ಈಗ ಬಿಳಿಚಿತು.

“ಪ್ಯಾಂಟು? ಪ್ಯಾಟ್ಯಾಗ ಮಂದಿ ಏನಂದಾರು? ಒಳಗ ಇಳದ್ರ ಯಾರಿಗೂ ಕಾಣೂದಿಲ್ಲಲ್ಲರಿ?”

೪. ಗಂಟು

ಹೇಗೋ ಒಪ್ಪಿಸಿದ್ದಾಯಿತು. ಆಪರೇಷನ್ನಿನ ದಿನ ಮೇಜಿನ ಮೇಲೆ ಮಲಗಿಸಿ, ಟೊಂಕಕ್ಕೆ ಅಯೋಡಿನ್ ಬಳಿದಾಗಿತ್ತು. ಉಡಿದಾರ ಹುಣ್ಣಿನ ಮೇಲೆಯೇ ಹಾದು ಅದರೊಳಗೆ ಹೂತುಹೋಗಿತ್ತು. ಸರಿಸಲು ಬರುವಂತಿರಲಿಲ್ಲ. ಡಾಕ್ಟರು ಕತ್ತರಿ ಎತ್ತಿಕೊಂಡರು. ವ್ಯಾಪಾರಿ ಎದ್ದು ಕೂತರು.

“ಉಡಿದಾರ ಹರಿಯೂದು ಹೆಣದ್ದರಿ. ನಾ ಇನ್ನ ಸತ್ತಿಲ್ಲ.”

“ಹರೀದಿದ್ರ ಸಾಯತೀರಿ.”

“ಆವಾಗ ಹರೀರಿ.”

ಇಷ್ಟು ಹೇಳಿ ಕೆಳಗಿಳಿದು ಧೋತರ ಹುಡುಕತೊಡಗಿದರು. ಈಗ ಹೋದರೆ ತಿರುಗಿ ಬರುವವರಲ್ಲ, ಹುಣ್ಣು ಕಾಯುವುದಿಲ್ಲ. ನಾನು ದಾರದ ಬಗ್ಗೆ ವೈಜ್ಞಾನಿಕವಾಗಿ ಎರಡು ಮಾತು ಹೇಳಿದೆ. ಅವರು ಇನ್ನೂ ಜಲ್ದಿ ಹುಡುಕಿದರು.

ಗದ್ದಲ ಕೇಳಿ ಅವರ ಹೆಂಡತಿ ಬಾಗಿಲಿಗೆ ಬಂದರು. ವಿಷಯ ತಿಳಿದು ನಮ್ಮಿಬ್ಬರನ್ನೂ ನೋಡಿದರು.

“ಹೊಸಾದು ಕಟ್ಟಿ ಹಳೇದು ಹರೀಬೇಕು. ಇಷ್ಟೂ ಗೊತ್ತಿಲ್ಲ, ಏನ್ ಓದೀರಿ?”

“ಟೊಂಕಕ್ಕ ಔಷಧ ಬಳದೇವಿ ತಾಯಿ, ಅಲ್ಲಿ ಕಟ್ಟಾಕ ಬರೂದಿಲ್ಲ,” ಎಂದರು ಡಾಕ್ಟರು.

“ಎದಿಗೆ ಕಟ್ರಿ. ಮೈಮ್ಯಾಗ ಇದ್ರ ಆತು.”

ದವಾಖಾನೆಯಲ್ಲಿ ಉಡಿದಾರ ಎಲ್ಲಿಂದ ಬರಬೇಕು? ಡಾಕ್ಟರು ಗಾಯ ಹೊಲಿಯುವ ಕರಿ ರೇಷ್ಮೆ ದಾರವನ್ನು ಉದ್ದಕ್ಕೆ ಎಳೆದು, ವ್ಯಾಪಾರಿಯ ಎದೆಗೆ ಸುತ್ತಿ, ಗಂಟು ಹಾಕಿದರು. ವ್ಯಾಪಾರಿ ತಾವಾಗಿ ಮೇಜು ಹತ್ತಿ ಮಲಗಿದರು. ಡಾಕ್ಟರು ಮತ್ತೆ ಕೈ ತೊಳೆದು, ಅಯೋಡಿನ್ ಮತ್ತೆ ಬಳಿದು, ಹಳೆಯದನ್ನು ಹರಿದರು. ಒಂದು ತಾಸಿನಲ್ಲಿ ಹುಣ್ಣು ತಟ್ಟೆಯಲ್ಲಿತ್ತು.

ಅಂಚಿನಲ್ಲಿ ರೋಗ ಉಳಿದಿಲ್ಲವೆಂದು ಹುಬ್ಬಳ್ಳಿಯಿಂದ ತಿಳಿದುಬಂತು. ಗಾಯ ಮಾಯಿತು. ಆರು ತಿಂಗಳಿಗೆ ತೋರಿಸಲು ಬಂದಾಗ ವ್ಯಾಪಾರಿಯ ಹಿಂದೆ ಲಕ್ಷ್ಮೇಶ್ವರ ಪೇಟೆಯ ಐದು ಮಂದಿ ಇದ್ದರು. ಐವರೂ ಅಂಗಿ ಬಿಚ್ಚಿ ಸಾಲಾಗಿ ನಿಂತರು. ಎದೆಗೆ ಡಾಕ್ಟರ ಕೈಯಿಂದಲೇ ಕರಿ ರೇಷ್ಮೆ ದಾರ ಕಟ್ಟಿಸಿಕೊಳ್ಳಬೇಕಂತೆ. ಕ್ಯಾನ್ಸರ್ ಹೋದದ್ದು ಅದರಿಂದಂತೆ.

ಡಾಕ್ಟರ ಮುಖ ಕೆಂಪಾಯಿತು. ಆದರೂ, ಧೋತರ ಸಡಿಲಿಸಿ ಟೊಂಕ ತೋರಿಸಿದವರಿಗೆ ಮಾತ್ರ ಕಟ್ಟುವೆನೆಂದರು. ಒಬ್ಬರಿಗೆ ಅದೇ ಜಾಗದಲ್ಲಿ ಮಾಯದ ಸಣ್ಣ ಗಾಯವಿತ್ತು. ಅವರನ್ನು ಪರೀಕ್ಷೆಗೆ ಉಳಿಸಿಕೊಂಡು, ಐವರಿಗೂ ದಾರ ಕಟ್ಟಿ, ಕೊನೆಗೆ ವ್ಯಾಪಾರಿಯತ್ತ ತಿರುಗಿದರು.

“ಅಲ್ಲರಿ ಯಜಮಾನ್ರ, ನಾ ಒಂದ ತಾಸು ನಿಂತು ಕತ್ತರಿಸಿದ್ದಕ್ಕ ಏನೂ ಕಿಮ್ಮತ್ತಿಲ್ಲೇನು?”

“ಕತ್ತರಸೂದು ಯಾರರ ಕತ್ತರಸ್ತಾರ ಬಿಡ್ರಿ,” ಎಂದರು ವ್ಯಾಪಾರಿ, ಜಾರುತ್ತಿದ್ದ ಸಡಿಲ ಪೈಜಾಮ ಮೇಲೆಳೆದುಕೊಳ್ಳುತ್ತ. “ಗಂಟು ಮಾತ್ರ ನಿಮ್ಮದ ಗಟ್ಟಿ.”