ಅಳತೆ ರವಿಕೆ

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಅಳತೆ ರವಿಕೆ.

ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯ ನಾಗರತ್ನಮ್ಮ ಟೀಚರಿಗೆ ಹದಿಹರೆಯದಿಂದಲೂ ಎದೆಯ ಭಾರ. ಕವಿಗಳು ಹೇಳುವ ಭಾರವಲ್ಲ, ತಕ್ಕಡಿಗೆ ಹಾಕಬಹುದಾದ ನಿಜವಾದ ಭಾರ. ಕುತ್ತಿಗೆ ನೋವು, ಬೆನ್ನು ನೋವು, ಹೆಗಲ ಮೇಲೆ ಒಳಉಡುಪಿನ ಪಟ್ಟಿ ಕೊರೆದ ಗೆರೆ. ಸೆರಗನ್ನು ಎರಡೂ ಹೆಗಲಿಗೆ ಹೊದ್ದುಕೊಂಡು, ಶಾಲೆಯ ಗ್ರೂಪ್ ಫೋಟೋದಲ್ಲಿ ಪ್ರತಿ ವರ್ಷವೂ ಹಿಂದಿನ ಸಾಲಿನಲ್ಲಿ ಅವಿತು ನಿಂತೇ ಅರ್ಧ ಆಯಸ್ಸು ಕಳೆದಿತ್ತು. ಕೊನೆಗೊಮ್ಮೆ ಧೈರ್ಯ ಮಾಡಿ ಬೆಂಗಳೂರಿಗೆ ಹೋಗಿ, ಎದೆಯ ಗಾತ್ರ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದರು. ಬೀದಿಯವರಿಗೂ ಶಾಲೆಯವರಿಗೂ ಮಾತ್ರ "ಬೆನ್ನಿನ ಆಪರೇಷನ್" ಎಂದು ಹೇಳಿಯಾಗಿತ್ತು.

ಗಾಯ ಚೆನ್ನಾಗಿ ಮಾಯುತ್ತಿತ್ತು. ಆದರೆ ಕೈಯನ್ನು ಹೆಗಲಿಗಿಂತ ಮೇಲಕ್ಕೆ ಎತ್ತಕೂಡದು, ಭಾರ ಹೊರಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಗಂಡ ಕದಿರಯ್ಯನವರು ಬೀದಿ ನಲ್ಲಿಯಲ್ಲಿ ಹೆಂಗಸರ ನಡುವೆ ನಿಂತು ನೀರು ಹಿಡಿದರು. ಹೆಂಡತಿಯ ತಲೆಯನ್ನೂ ಬಾಚಿದರು. ಅವರು ಹೆಣೆದ ಜಡೆ ಬಾವಿಯ ಹಗ್ಗದಂತಿದ್ದರೂ, ಪಾಪ, ಬಿಚ್ಚಲು ನಾಗರತ್ನಮ್ಮನಿಗೆ ಮನಸ್ಸು ಬರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಎಂಬತ್ತೈದನೇ ಇಸವಿಯ ಗ್ರೂಪ್ ಫೋಟೋ. ಈ ಸಲ ಮುಂದಿನ ಸಾಲು! ನೆರಿಗೆ ಹಿಡಿದು ಪಿನ್ನು ಚುಚ್ಚಿದ ಸೆರಗು, ಮೈಗೆ ಹಿಡಿಯುವ ಹಸಿರು ರವಿಕೆ! ಈಗ ತಂಗಿಯ ರವಿಕೆಯೇ ತಮಗೆ ಸರಿಹೋಗುತ್ತಿದ್ದುದರಿಂದ, ಅದನ್ನೇ ಅಳತೆಗೆಂದು ಪಕ್ಕದ ಮನೆಯ ಕೆಂಪಕ್ಕನ ಕೈಯಲ್ಲಿ ದರ್ಜಿ ತಿಪ್ಪಯ್ಯನಿಗೆ ಕಳಿಸಿದ್ದರು.

ಬೆಳಿಗ್ಗೆ ಕೆಂಪಕ್ಕ ಹೊಸ ರವಿಕೆ ತಂದಳು. ನಾಗರತ್ನಮ್ಮ ಒಳಗೆ ಹೋಗಿ ತೊಟ್ಟು ನೋಡಿದರು. ರಾಗಿ ಮೂಟೆಯ ಚೀಲಕ್ಕೆ ಒಂದು ಸೇರು ರಾಗಿ ಹಾಕಿದಂತಿತ್ತು!

"ಕೆಂಪಕ್ಕಾ! ನಾನು ಕೊಟ್ಟ ಅಳತೆ ಏನಾಯ್ತು?"

"ಅದ್ಯಾವ್ದೋ ಎಳೇ ಹುಡ್ಗೀದು ಮರ್ತು ಕೊಟ್ಬುಟ್ಟಿದ್ರಿ ಕಣಮ್ಮ. ಆಪರೇಸನ್ ಆದೋರು, ಗ್ಯಾನ ಎಲ್ಲಿದ್ದಾತು? ಅದ್ಕೇ ತಂತಿ ಮ್ಯಾಲಿದ್ದ ನಿಮ್ಮ ಹಳೇದನ್ನೇ ತಿಪ್ಪಯ್ಯಂಗೆ ಕೊಟ್ಟೆ. ಬಟ್ಟೆ ಸಾಲ್ದು ಅಂದ. ಹಬ್ಬಕ್ಕೆ ಅಂತ ಇಕ್ಕಂಡಿದ್ದ ನನ್ನ ಹಸ್ರು ರವಿಕೆ ಕಣಾನೂ ಸೇರ್ಸಿ ಹೊಲಿಸ್ದೆ. ದುಡ್ಡುಗಿಡ್ಡು ಏನೂ ಬ್ಯಾಡ ಬುಡಿ!"

ಕೆಂಪಕ್ಕನ ಮುಖ ದೀಪದಂತೆ ಬೆಳಗುತ್ತಿತ್ತು. ಬೈಯೋಣವೆಂದರೆ ಆ ಮುಖ, ನಗೋಣವೆಂದರೆ ಹೊಲಿಗೆ ಹಾಕಿದ ಗಾಯ!

"ರೀ, ನಡೀರಿ ಬೇಗ!"

ಗಂಡ ಹೆಂಡತಿ ಪೇಟೆಗೆ ಓಡಿದರು. ಓಡುವುದೆಂದರೇನು, ಎರಡೂ ಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ನಾಗರತ್ನಮ್ಮ ಕವಾಯತಿನ ಪೊಲೀಸರಂತೆ ಸೆಟೆದು ನಡೆಯುತ್ತಿದ್ದರು. ಹೂವಿನ ಮಾರಕ್ಕ ದಾರಿಗೆ ಅಡ್ಡ ಬಂದಳು.

"ಬೆನ್ನಿನ ಆಪರೇಸನ್ ಅಂತೀರಿ, ಕೈಯ್ಯಾಕಮ್ಮ ಅಂಗೆ ಕಚ್ಕಂಡವೆ?"

"ನರ ಮಾರಕ್ಕ, ನರ! ಬೆನ್ನಿನ ನರಾನೇ ಕೈಗೂ ಹೋಗೋದು."

"ಸಿವನೇ! ಇಂಗೆ ಬಗ್ಗಿ ಮತ್ತೆ, ನಾನೇ ಮುಡಿಸ್ತೀನಿ." ಹಗ್ಗದಂಥ ಜಡೆಗೆ ಕನಕಾಂಬರ ಏರಿತು.

ಅಂಗಡಿಯಲ್ಲಿ ತಿಪ್ಪಯ್ಯ ರವಿಕೆಯನ್ನು ನೋಡಿದ, ಟೀಚರನ್ನು ನೋಡಿದ. ಕೈಯಲ್ಲಿದ್ದ ಮದುಮಗನ ಕೋಟನ್ನು ಪಕ್ಕಕ್ಕಿಟ್ಟು, "ಕೂತ್ಕಳಿ ತಾಯಿ" ಎಂದು ಸ್ಟೂಲು ಎಳೆದುಕೊಟ್ಟು, ರವಿಕೆಯ ಹೊಲಿಗೆ ಬಿಚ್ಚಿ ಮೆಷಿನ್ ತುಳಿಯತೊಡಗಿದ. ಮದುಮಗನ ಅಪ್ಪ ಬಾಗಿಲಲ್ಲಿ ನಿಂತು, "ಲೇ ತಿಪ್ಪಯ್ಯ, ಮುಹೂರ್ತಕ್ಕೆ ನನ್ಮಗ ಬನೀನಲ್ಲಿ ಕೂತ್ಕಳ್ಳದೇನ್ಲಾ?" ಎಂದು ಕೂಗುತ್ತಲೇ ಇದ್ದ.

ಶಾಲೆ ಮುಟ್ಟುವಷ್ಟರಲ್ಲಿ ಬೆಂಚುಗಳು ಸಾಲಾಗಿದ್ದವು. ನಾಗರತ್ನಮ್ಮ ಖಾಲಿ ಕ್ಲಾಸಿನಲ್ಲಿ ರವಿಕೆ ಬದಲಾಯಿಸಿ ಹೊರಬಂದರು. ಮಾವಿನಹಣ್ಣಿಗೆ ಸಿಪ್ಪೆ ಹಿಡಿದಂತೆ ಹಿಡಿದಿತ್ತು! ಕಾಂಪೌಂಡಿನಾಚೆ ನಿಂತಿದ್ದ ಕದಿರಯ್ಯನವರ ಕಣ್ಣು ಅರಳಿತು. ನಾಗರತ್ನಮ್ಮ ನೆಟ್ಟಗೆ ಹೋಗಿ ಮುಂದಿನ ಸಾಲಿನ ನಟ್ಟನಡುವೆ ಕುಳಿತರು. ಬೆನ್ನು ನೋಯಲಿಲ್ಲ, ಹೆಗಲು ನೋಯಲಿಲ್ಲ, ಎದೆ ಮಾತ್ರ ಖುಷಿಗೆ ಡವಡವ ಎನ್ನುತ್ತಿತ್ತು.

ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ. "ಎಲ್ರೂ ಇಲ್ಲಿ ನೋಡಿ... ರೆಡೀ..."

"ತಾಳಪ್ಪಾ!" ಹೆಡ್ ಮಿಸ್ಟ್ರೆಸ್ ರಾಜಲಕ್ಷ್ಮಮ್ಮ ದಡಬಡಿಸಿ ಎದ್ದರು. "ನಮ್ಮ ನಾಗರತ್ನ ಅಷ್ಟು ದೊಡ್ಡ ಆಪರೇಷನ್ ಗೆದ್ದು ಬಂದಿದ್ದಾಳೆ. ಬರೀ ಶಾಲು ಹೊದಿಸಿದರೆ ಏನು ಬಂತು? ಆಪರೇಷನ್ ಆದ ಬೆನ್ನು ಬೆಚ್ಚಗಿರಬೇಕು. ಅದಕ್ಕೇ ಎಲ್ಲರೂ ಸೇರಿ ಶಿರಾದಿಂದ ತರಿಸಿದ್ದೀವಿ ಕಣಮ್ಮ!"

ದಪ್ಪನೆಯ ಕರಿ ಕಂಬಳಿ! ಕತ್ತಿನಿಂದ ಮೊಣಕಾಲವರೆಗೆ ಸುತ್ತಿ, ಗಾಳಿಯಾಡದಂತೆ ಸಂದುಸಂದಿಗೂ ಸಿಕ್ಕಿಸಿ, ಕೆನ್ನೆ ಸವರಿ ಕುಳಿತರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ತೆಗೆದುಹಾಕೋಣವೆಂದರೆ ಕೈ ಹೆಗಲಿಗೆ ಏರುವಂತಿಲ್ಲ.

"ಮೇಡಂ, ಒಂದು ನಿಮಿಷ..." ಎಂದು ನಾಗರತ್ನಮ್ಮ ಬಾಯಿ ತೆರೆದರು.

ಕ್ಲಿಕ್!

ಫೋಟೋ ಮನೆಗೆ ಬಂದ ದಿನ ಎಲ್ಲರಿಗಿಂತ ಮೊದಲು ನೋಡಿದವಳು ಕೆಂಪಕ್ಕ. ಕಂಬಳಿಯ ಗುಡ್ಡದಂತೆ, ಬಾಯಿ ತೆರೆದು ಕುಳಿತಿದ್ದ ಟೀಚರಮ್ಮನನ್ನು ಪ್ರೀತಿಯಿಂದ ಬೆರಳಲ್ಲಿ ಮುಟ್ಟಿ ಹೇಳಿದಳು:

"ನೋಡ್ರಮ್ಮ, ದೇವ್ರು ದೊಡ್ಡೋನು! ಆಪರೇಸನ್ ಆದ್ರೂ ಒಂಚೂರೂ ಸೊರಗಿಲ್ಲ. ಅಂಗೇ ಮೊದಲ್ನಂಗೇ ಅವ್ರೆ!"