ಒಂದು ಬೆರಳು ಎತ್ತರ

ಜಗತ್ತಿನ ಶಕ್ತಿ ಸಮತೋಲನವು ಮೂರನೇ ಮಹಡಿಯಲ್ಲಿದೆ ಎಂದು ಕೆಳಗಿನ ಫಲಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಮಹಡಿಯನ್ನು ನಾಲ್ಕನೇ ಸಲ ಸುತ್ತುತ್ತಿದ್ದ ನಾನು, ಕಂಕುಳಲ್ಲಿ ಗರಗಸ ಇಟ್ಟುಕೊಂಡು ಹೊರಟಿದ್ದ ಮುದುಕ ಬಡಗಿಯೊಬ್ಬನನ್ನು ತಡೆದು ನಿಲ್ಲಿಸಿದೆ.

"ಯಜಮಾನರೇ, ದೊಡ್ಡ ದೇಶಗಳ ಸಭೆ ಎಲ್ಲಿ? ನಾನು ದುಭಾಷಿ. ಐದು ನಿಮಿಷದಲ್ಲಿ ಒಳಗಿರದಿದ್ದರೆ ಕೆಲಸ ಹೋಗುತ್ತೆ."

"ನನ್ನ ಹಿಂದೆ ಬನ್ನಿ ತಾಯಿ. ಈ ಋಣ ಮಾತ್ರ ಮರೀಬೇಡಿ."

ನಡೆಯುತ್ತಲೇ ವಿಷಯ ಹೇಳಿದ. ಇಷ್ಟು ವರ್ಷ ಹಳೇ ದೊಡ್ಡಪ್ಪನ ಕುರ್ಚಿ ಎರಡು ಬೆರಳು ಎತ್ತರವಿತ್ತಂತೆ. ಈಗ ಹೊಸ ದೊಡ್ಡಪ್ಪ ಬಲಿತಿದ್ದಾನೆ, ಸಮ ಬೇಕಂತೆ. ಇವು ಬಡಗಿ ಆ ದೇಶಗಳಿಗೆ ಇಟ್ಟ ಹೆಸರು. ಕಡತದಲ್ಲಿ ಇನ್ನೂ ಉದ್ದದ ಹೆಸರುಗಳಿವೆ.

"ಸಂಜೆ ನಾನು ನಿವೃತ್ತಿ. ಅಷ್ಟರಲ್ಲಿ ಸಮ ಆಗದಿದ್ದರೆ ಪಿಂಚಣಿ ಇಲ್ಲ ಅಂತ ಬರೆದೇ ಕೊಟ್ಟಿದ್ದಾರೆ."

"ಗಿಡ್ಡ ಕುರ್ಚಿ ಕೆಳಗೆ ಹಲಗೆ ಇಟ್ಟರಾಯ್ತಲ್ಲ?"

"ಒಬ್ಬರನ್ನ ಏರಿಸೋಕೆ ಎಲ್ಲರ ಸಹಿ ಬೇಕು. ಇಳಿಸೋಕೆ ಯಾರದ್ದೂ ಬೇಡ."

ಸಭಾಂಗಣದಲ್ಲಿ ಬಡಗಿ ಹಳೇ ದೊಡ್ಡಪ್ಪನ ಕುರ್ಚಿಯಿಂದ ಎರಡು ಬೆರಳು ಕೊಯ್ದ. ಕಾಲುಗಳು ಸಮವಾದವು. ಉಸ್ತುವಾರಿಯ ಅಧಿಕಾರಿ ಎರಡೂ ಕುರ್ಚಿಗಳ ಮೇಲೆ ಪಟ್ಟಿ ಹಾಸಿ, ಮಟ್ಟ ನೋಡುವ ರಸಮಟ್ಟ ಇಟ್ಟರು. ಅದರ ಗುಳ್ಳೆ ಒಂದು ಕಡೆಗೆ ಓಡಿತು.

"ನೆಲವೇ ಇಳಿಜಾರು ಸಾರ್."

"ನೆಲ ಆತಿಥೇಯರದ್ದು. ಅದನ್ನು ಟೀಕಿಸುವಂತಿಲ್ಲ. ಕೊಯ್ಯಿ."

ಕೊಯ್ದ. ಮಟ್ಟ ಸಮವಾಯಿತು. ಆದರೆ ಕಾಲುಗಳ ಅಳತೆ ಹೆಚ್ಚುಕಡಿಮೆಯಾಯಿತು. ನಿಯಮದ ಪ್ರಕಾರ ಮಟ್ಟ, ಅಳತೆ ಎರಡೂ ಸಮವಿರಬೇಕು. ಮತ್ತೆ ಕೊಯ್ದ. ಬಿದ್ದ ತುಂಡುಗಳನ್ನು ಹೊರಗೆ ನಿಂತಿದ್ದ ಸಣ್ಣ ದೇಶಗಳಿಗೆ ನೆರವಿನ ರೂಪದಲ್ಲಿ ಹಂಚಿ ರಸೀದಿ ಪಡೆಯಲಾಯಿತು. ತಮ್ಮ ಪಾಲು ಚಿಕ್ಕದಾಯಿತೆಂದು ಒಬ್ಬರು ಮನವಿಯನ್ನೂ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಕೊಯ್ಯಲು ಕಾಲುಗಳೇ ಇರಲಿಲ್ಲ. ಎರಡು ದೇಶಗಳಿಂದ ಬಂದಿದ್ದ ಇಬ್ಬರು ಮಹನೀಯರೂ ನೆಲಕ್ಕಂಟಿದ ಮೆತ್ತೆಗಳ ಮೇಲೆ, ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಗುಳ್ಳೆ ಇನ್ನೂ ಒಂದು ಬೆರಳು ಆಚೆಗಿತ್ತು. ಅಧಿಕಾರಿ ಈಗ ಮಹನೀಯರ ಕಾಲಿನ ಕಡೆ ಒಮ್ಮೆ ನೋಡಿದರು. ಬಡಗಿ ಗರಗಸವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಈಗ ಯಾರು ಮೇಲಿದ್ದಾರೆ? ಅಧಿಕೃತವಾಗಿ ಹೇಳು."

"ಇಬ್ಬರೂ ನೆಲದ ಮೇಲಿದ್ದಾರೆ ಸಾರ್," ಅಂದ ಬಡಗಿ.

ಮಹನೀಯರಿಗೆ ಅದು ತಿಳಿಯಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೂ ಬಾರದು. ಇಬ್ಬರೂ ನನ್ನ ಮುಖ ನೋಡಿದರು. ನಾನು ಹಳೇ ದೊಡ್ಡಪ್ಪನ ಕಿವಿಗೆ ಬಾಗಿದೆ: "ಒಂದು ಬೆರಳು ನೀವೇ ಎತ್ತರವಂತೆ. ಅವರೆದುರು ತೋರಿಸಿಕೊಳ್ಳಬೇಡಿ, ಪಾಪ, ನೊಂದುಕೊಳ್ಳುತ್ತಾರೆ." ಆಚೆ ಹೋಗಿ ಅದನ್ನೇ ಹೊಸ ದೊಡ್ಡಪ್ಪನಿಗೆ ಅವರ ಭಾಷೆಯಲ್ಲಿ, ಒಂದಕ್ಷರ ವ್ಯತ್ಯಾಸವಿಲ್ಲದೆ ಹೇಳಿದೆ.

ಇಬ್ಬರೂ ಒಬ್ಬರನ್ನೊಬ್ಬರು ಅಪಾರ ಕನಿಕರದಿಂದ ನೋಡಿ ಸಹಿ ಹಾಕಿದರು.

ಪ್ರಕಟಣೆ ಹೊರಟಿತು: "ಜಾಗತಿಕ ಸಮತೋಲನ ಸಾಧಿಸಲಾಗಿದೆ. ಇನ್ನು ಮುಂದೆ ಕುರ್ಚಿ ತರುವವರ ಮೇಲೆ ಕ್ರಮ ಕೈಗೊಳ್ಳಲಾಗುವುದು." ಪತ್ರಕರ್ತರೂ ನೆಲದ ಮೇಲೆ ಕೂತು ಬರೆದುಕೊಂಡರು.

ಬಾಗಿಲಲ್ಲಿ ಬಡಗಿ ಸಿಕ್ಕ. ಪಿಂಚಣಿ ಕಾಗದ ಜೇಬಿನಲ್ಲಿತ್ತು.

"ಅವರ ಕಿವೀಲಿ ಏನು ಹೇಳಿದ್ರಿ ತಾಯಿ?"

"ದಾರಿ ತೋರಿಸಿದ್ರಲ್ಲ ಯಜಮಾನರೇ," ಅಂದೆ, "ಆ ಋಣ ಚುಕ್ತಾ ಆಯ್ತು."